ಜೀಪು ಮೊದಲು ಕಲಿತದ್ದು ನಿಧಾನವಾಗಿ ಹೋಗುವುದನ್ನು

ಮಲೆನಾಡಿನ ಕಡೆ ಹಳೇ ಜೀಪು ಕೊಂಡ ಹುಡುಗನಿಗೆ ಗೆಳೆಯರು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಇಂಚು ಎತ್ತಿಸ್ದೆ ಮಾರಾಯ?’ ಎರಡನೆಯದು ಟಯರಿನ ಬಗ್ಗೆ. ಗೇರ್‌ಬಾಕ್ಸು, ಆಕ್ಸಲ್ಲುಗಳ ಬಗ್ಗೆ ಕೇಳುವವರು ಕಡಿಮೆ. ಅವು ಗಾಡಿಯ ಅಡಿಯಲ್ಲಿ ಗ್ರೀಸು, ಕೆಸರು ಮೆತ್ತಿಕೊಂಡು ಕೂತಿರುತ್ತವೆ, ಫೋಟೋದಲ್ಲಿ ಕಾಣುವುದಿಲ್ಲ. ಹಾಗಾಗಿ ಅಡಿಕೆ ಮಾರಿದ ದುಡ್ಡೋ, ಕಾಫಿ ಮಾರಿದ ದುಡ್ಡೋ, ಸೊಸೈಟಿ ಸಾಲವೋ, ಕೈಗೆ ಬಂದ ಮೊದಲ ಕಂತು ಉದ್ದನೆಯ ಶ್ಯಾಕಲ್‌ಗೆ, ಹೆಚ್ಚುವರಿ ಸ್ಪ್ರಿಂಗ್ ಪ್ಲೇಟಿಗೆ, ದೊಡ್ಡ ಟಯರಿಗೆ ಹೋಗುತ್ತದೆ. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮುರಿದು ಗಾಡಿ ಏರಿನ ಮಧ್ಯೆ ನಿಲ್ಲುತ್ತದೆ.

ಹುಡುಗಾಟಿಕೆ ಎಂದು ಬೈದು ಸುಮ್ಮನಾಗಬಹುದಿತ್ತು. ಆದರೆ ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತು ಹತ್ತುವುದು ಜೀಪುಗಳೇ. ತೋಟದ ಕೆಲಸದವರನ್ನು ಕರೆತರುವುದು, ರಸ್ತೆ ಸರಿಯಿಲ್ಲದ ಮನೆಯಿಂದ ಬಾಣಂತಿಯನ್ನು ಆಸ್ಪತ್ರೆಗೆ ಸಾಗಿಸುವುದು ಕೂಡ ಇವೇ. ಗಾಡಿಯ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದು ಇಲ್ಲಿ ದುಡ್ಡಿನ ಲೆಕ್ಕದ ಜೊತೆಗೆ ಜೀವದ ಲೆಕ್ಕವೂ ಹೌದು. ಜೀಪನ್ನು ಕಟ್ಟಿದವರು ಈ ಪ್ರಶ್ನೆಗೆ ಯಾವ ಉತ್ತರ ಕೊಟ್ಟಿದ್ದರು ಎಂದು ನೋಡಲು 1940ಕ್ಕೆ ಹೋಗಬೇಕು.

ಆ ವರ್ಷ ಜುಲೈ 11ರಂದು ಅಮೆರಿಕದ ಸೇನೆ 135 ಕಂಪನಿಗಳಿಗೆ ಪತ್ರ ಕಳಿಸಿತು. ಬೇಕಾಗಿದ್ದುದು ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಪುಟ್ಟ ಗಾಡಿ. ಮೊದಲ ಮಾದರಿಗೆ ಕೊಟ್ಟ ಗಡುವು 49 ದಿನ. ಗಂಭೀರವಾಗಿ ಉತ್ತರಿಸಿದವು ಎರಡೇ: ಪೆನ್ಸಿಲ್ವೇನಿಯಾದ ಅಮೆರಿಕನ್ ಬ್ಯಾಂಟಮ್ ಮತ್ತು ಒಹಾಯೊದ ವಿಲ್ಲಿಸ್ ಓವರ್‌ಲ್ಯಾಂಡ್. ಬ್ಯಾಂಟಮ್ ಆಗಲೇ ಮುಳುಗುತ್ತಿದ್ದ ಕಂಪನಿ. ಅದು ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನ್ನು ಕರೆಸಿತು. ಅವರು ಕೆಲವೇ ದಿನಗಳಲ್ಲಿ ನಕ್ಷೆ ಬರೆದರು. ಸೆಪ್ಟೆಂಬರ್ 23ರಂದು, ಗಡುವಿನೊಳಗೇ, ಗಾಡಿ ಮೇರಿಲ್ಯಾಂಡಿನ ಹೋಲಬರ್ಡ್ ಶಿಬಿರ ತಲುಪಿತು. ಬೇಕಾದಷ್ಟು ಗಾಡಿ ಮಾಡುವ ಸಾಮರ್ಥ್ಯ ಬ್ಯಾಂಟಮ್‌ಗೆ ಇರಲಿಲ್ಲವಾದ್ದರಿಂದ ಕೊನೆಗೆ ದೊಡ್ಡ ಆರ್ಡರು, ಹೆಸರು ಎರಡೂ ವಿಲ್ಲಿಸ್ ಮತ್ತು ಫೋರ್ಡ್ ಪಾಲಾದವು. ಆ ಅನ್ಯಾಯದ ಕಥೆ ಬೇರೆಯೇ ಇದೆ, ಇನ್ನೊಮ್ಮೆ ಬರೆಯಬಹುದು.

ನಮಗೆ ಇಲ್ಲಿ ಬೇಕಾಗಿರುವುದು ಸೇನೆಯ ಪಟ್ಟಿ. ಗಾಡಿಯ ತೂಕ 1300 ಪೌಂಡ್, ಅಂದರೆ 590 ಕಿಲೋ ಮೀರಬಾರದು ಎಂದಿತ್ತು. ಅದು ಆಗದ ಮಾತು, ಮುಂದೆ ಸೇನೆಯೇ ಸಡಿಲಿಸಿತು. 600 ಪೌಂಡ್ ಹೊರೆ ಹೊರಬೇಕಿತ್ತು. ಇವುಗಳ ಜೊತೆಗೇ ಇನ್ನೊಂದು ಷರತ್ತು: ಗಾಡಿ ಗಂಟೆಗೆ 50 ಮೈಲಿ ಓಡಬೇಕು, ಹಾಗೆಯೇ 3 ಮೈಲಿ ವೇಗದಲ್ಲಿ ಎಡವದೆ ನಡೆಯಬೇಕು. ಮೂರು ಮೈಲಿ ಎಂದರೆ ಸುಮಾರು 5 ಕಿಲೋಮೀಟರ್, ಕಾಲ್ನಡಿಗೆಯ ಸೈನಿಕನ ವೇಗ. ಹೊಸ ಗಾಡಿ ಕೇಳುವವರು ಸಾಮಾನ್ಯವಾಗಿ ಎಷ್ಟು ಜೋರು ಓಡುತ್ತದೆ ಎಂದು ಕೇಳುತ್ತಾರೆ. ಇವರು ಎಷ್ಟು ನಿಧಾನ ಹೋಗುತ್ತದೆ ಎಂಬುದನ್ನೂ ಬರೆದು ಕೇಳಿದ್ದರು.

ಪೆಟ್ರೋಲ್ ಎಂಜಿನ್ನಿಗೆ ನಿಧಾನ ಎಂಬುದು ಸುಲಭವಲ್ಲ. ಅದರ ಸುತ್ತು ತೀರಾ ಕಡಿಮೆಯಾದರೆ ಗಾಡಿ ಆಫ್ ಆಗುತ್ತದೆ. ಆದ್ದರಿಂದ ಎಂಜಿನ್ ತನ್ನ ಪಾಡಿಗೆ ತಿರುಗುತ್ತಿರಬೇಕು, ಚಕ್ರ ಮಾತ್ರ ನಿಧಾನವಾಗಬೇಕು. ಅದಕ್ಕೆ ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಸೇರಿಸಿದರು. ನಮ್ಮ ಡ್ರೈವರುಗಳು ‘ಲೋ ಹಾಕು’ ಎನ್ನುವಾಗ ಎಳೆಯುವ ಕೋಲು ಅದರದ್ದೇ. ಯುದ್ಧಕಾಲದ ವಿಲ್ಲಿಸ್ ಎಂಬಿ ಜೀಪಿನಲ್ಲಿ ಫಸ್ಟ್ ಗೇರು 2.665, ಲೋ 1.97, ಆಕ್ಸಲ್‌ನೊಳಗಿನ ಕ್ರೌನ್ ಪಿನಿಯನ್ 4.88. ಮೂರನ್ನೂ ಗುಣಿಸಿದರೆ 25.6 ಬರುತ್ತದೆ. ಎಂದರೆ ಎಂಜಿನ್ 25 ಸುತ್ತು ಚಿಲ್ಲರೆ ತಿರುಗಿದಾಗ ಚಕ್ರ ಒಂದು ಸುತ್ತು. ಸುಮಾರು 29 ಇಂಚಿನ ಅದರ ಟಯರು ಒಂದು ಸುತ್ತಿಗೆ 2.3 ಮೀಟರ್ ಹೋಗುತ್ತದೆ. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ಇದ್ದರೆ ಗಾಡಿಯ ವೇಗ ಗಂಟೆಗೆ 5.4 ಕಿಲೋಮೀಟರ್. ಸೇನೆ ಕೇಳಿದ ಮೂರು ಮೈಲಿಗೆ ತೀರಾ ಹತ್ತಿರ.

ಅತ್ತ ಜರ್ಮನಿಯಲ್ಲೂ ಇದೇ ಪೇಚಾಟ. ಫರ್ಡಿನಂಡ್ ಪೋರ್ಷೆಯ ತಂಡ ಫೋಕ್ಸ್‌ವ್ಯಾಗನ್ ಕಾರಿನಿಂದ ಕುಬೆಲ್‌ವ್ಯಾಗನ್ ಎಂಬ ಸೇನಾ ಗಾಡಿ ಮಾಡಿದಾಗ, ಅದು ನಡೆಯುವ ಸೈನಿಕರ ಜೊತೆ ಹೋಗುವಷ್ಟು ನಿಧಾನವಾಗುತ್ತಿಲ್ಲ ಎಂದು ಸೇನೆ ತಕರಾರು ತೆಗೆಯಿತು. ಪೋರ್ಷೆ ಚಕ್ರದ ಹಬ್‌ನೊಳಗೇ ಒಂದು ಜೋಡಿ ಗೇರು ಕೂರಿಸಿದರು. ಮೇಲಿನ ಗೇರಿಗೆ ಶಾಫ್ಟು, ಕೆಳಗಿನ ಗೇರಿಗೆ ಚಕ್ರ. ಗಾಡಿ ನಿಧಾನವಾಯಿತು, ಜೊತೆಗೆ ನೆಲದಿಂದ ಸುಮಾರು ಎರಡು ಇಂಚು ಮೇಲೆದ್ದಿತು. ಎತ್ತರ ಇಲ್ಲಿ ಗೇರಿನ ಜೊತೆ ಕೊಸರಾಗಿ ಬಂತು.

ಈ ಉಪಾಯ ಅಲ್ಲಿಗೇ ನಿಲ್ಲಲಿಲ್ಲ. ಯುದ್ಧ ಮುಗಿದ ಮೇಲೆ ಜರ್ಮನಿಯ ಆಲ್ಬರ್ಟ್ ಫ್ರೀಡ್ರಿಕ್ ರೈತರಿಗೆಂದು ಯೂನಿಮಾಗ್ ಎಂಬ ಗಾಡಿ ಕಲ್ಪಿಸಿದರು. ಮೊದಲ ಮಾದರಿ ಓಡಿದ್ದು 1946ರಲ್ಲಿ. ಎರಡು ಚಕ್ರದ ನಡುವಿನ ಅಂತರ 1270 ಮಿಲಿಮೀಟರ್, ಆಲೂಗಡ್ಡೆಯ ಎರಡು ಸಾಲಿಗೆ ಸರಿಯಾಗಿ. ಅದರಲ್ಲೂ ಹಬ್‌ನೊಳಗೆ ಗೇರು, ಅದರಿಂದಲೇ ಆಕ್ಸಲ್‌ಗೆ ಎತ್ತರ. ಶಾಫ್ಟು ಓರೆಯಾಗುವ ಪ್ರಮೇಯ ಇಲ್ಲ, ಗೆಡ್ಡೆಯ ಗಿಡ ತುಳಿಯುವುದೂ ಇಲ್ಲ. ಮಣ್ಣಿನ ಗಾಡಿಗಳ ಚರಿತ್ರೆಯಲ್ಲಿ ಎತ್ತರ ಮತ್ತು ಶಕ್ತಿಯ ಜಗಳವನ್ನು ಇಷ್ಟು ಚೊಕ್ಕವಾಗಿ ಬಿಡಿಸಿದ್ದು ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ದುಬಾರಿ ಎಂಬುದಷ್ಟೇ ಅದರ ದೋಷ.

ಅಮೆರಿಕದಲ್ಲಿ ವಿಲ್ಲಿಸ್‌ಗೂ ರೈತರೇ ಬೇಕಾಗಿದ್ದರು. ಯುದ್ಧ ಮುಗಿದರೆ ಜೀಪು ಕೊಳ್ಳುವವರು ಯಾರು? 1945ರ ಜುಲೈನಲ್ಲಿ ಸಿಜೆ-2ಎ ಎಂಬ ನಾಗರಿಕ ಜೀಪು ಹೊರಗೆ ಬಂತು. ಸಾಮಾನು ಇಳಿಸಲು ಹಿಂದೆ ತೆರೆಯುವ ಬಾಗಿಲು ಬಂತು, ಸ್ಟೆಪ್ನಿ ಪಕ್ಕಕ್ಕೆ ಸರಿಯಿತು, ನೇಗಿಲೋ ಗರಗಸವೋ ಓಡಿಸಲು ಪಿಟಿಒ ಸಿಕ್ಕಿತು. ಒಳಗೆ ಆದ ಬದಲಾವಣೆ ಇನ್ನೂ ದೊಡ್ಡದು. ಫಸ್ಟ್ ಗೇರು 2.798, ಲೋ 2.43, ಕ್ರೌನ್ ಪಿನಿಯನ್ 5.38. ಗುಣಿಸಿ ನೋಡಿ, 36.6. ಅದೇ ಸಾವಿರ ಸುತ್ತಿಗೆ ಗಾಡಿ ಈಗ ಗಂಟೆಗೆ 3.8 ಕಿಲೋಮೀಟರ್ ನಡೆಯುತ್ತದೆ, ಎಳೆಯುವ ಬಲ ಅಷ್ಟರಮಟ್ಟಿಗೆ ಏರುತ್ತದೆ. ಟಯರ್ ಅಳತೆ ಮಾತ್ರ 6.00-16, ಯುದ್ಧದ ಜೀಪಿನದ್ದೇ.

ನನಗೆ ಈ ಇಡೀ ಕಥೆಯಲ್ಲಿ ಮುಖ್ಯ ಅನ್ನಿಸುವುದು ಇದೇ ಘಟ್ಟ. ಜೀಪಿಗೆ ಮೊತ್ತಮೊದಲ ‘ಅಪ್‌ಗ್ರೇಡ್’ ಮಾಡಿದವರು ಅದನ್ನು ಕಟ್ಟಿದವರೇ. ಹೊಲದ ಕೆಲಸಕ್ಕೆ ಏನು ಬೇಕೆಂದು ಯೋಚಿಸಿ ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು, ಕ್ರೌನ್ ಪಿನಿಯನ್ ಮೂರನ್ನೂ ಬದಲಿಸಿದರು. ಸ್ಪ್ರಿಂಗ್ ಎತ್ತರಿಸಿ ತೋರಿಸುವುದು ಅವರಿಗೆ ಬೇಕಾಗಿರಲಿಲ್ಲ.

ಭಾರತಕ್ಕೆ ಜೀಪು ತಂದ ಕಂಪನಿ 1945ರಲ್ಲಿ ಶುರುವಾದಾಗ ಅದರ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ದೇಶ ವಿಭಜನೆಯಾಗಿ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋದರು, ಮುಂದೆ ಅಲ್ಲಿನ ಗವರ್ನರ್ ಜನರಲ್ ಕೂಡ ಆದರು. ಇಲ್ಲಿ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಮುಂಬೈಯ ಮಜಗಾಂವ್‌ನಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸತೊಡಗಿದರು. ನಮ್ಮ ಹಿರಿಯರು ‘ಜೀಪು’ ಎಂದರೆ ಕಣ್ಣ ಮುಂದೆ ಬರುವುದು ಬಹುಪಾಲು ಸಿಜೆ-3ಬಿ. ಅಮೆರಿಕದಲ್ಲಿ 1953ರಲ್ಲಿ ಬಂದ ಈ ಮಾದರಿಯ ಬಾನೆಟ್ಟು ಎತ್ತರ. ಹರಿಕೇನ್ ಎಂಬ ಹೊಸ ಎಂಜಿನ್ ಹಳೆಯದಕ್ಕಿಂತ ಎತ್ತರವಿತ್ತು, ಮುಚ್ಚಲು ಬಾನೆಟ್ಟನ್ನು ಮೇಲೆತ್ತಿದರು, ಅಷ್ಟೇ. ನೋಡಲು ಅಂದವಲ್ಲ ಎಂದು ಅಲ್ಲಿಯವರು ಮೂಗು ಮುರಿದ ಆ ಮುಖ ಇಲ್ಲಿ ದಶಕಗಟ್ಟಲೆ ಉಳಿಯಿತು.

ಪೆಟ್ರೋಲ್ ದುಬಾರಿಯಾದ ಮೇಲೆ ಡೀಸೆಲ್ ಕಾಲ. ಟ್ರ್ಯಾಕ್ಟರ್ ಎಂಜಿನ್ನಿನ ಕುಲದ ಡೀಸೆಲ್, ಪ್ಯೂಜೊ ಲೈಸೆನ್ಸಿನ ಡೀಸೆಲ್ ಎರಡೂ ಜೀಪಿನೊಳಗೆ ಬಂದವು. ಡೀಸೆಲ್ ಎಂಜಿನ್ ಕಡಿಮೆ ಸುತ್ತಿನಲ್ಲೇ ಬಲ ಕೊಡುತ್ತದೆ, ಹೆಚ್ಚು ಸುತ್ತು ತಿರುಗುವುದಿಲ್ಲ. 5.38 ಕ್ರೌನ್ ಪಿನಿಯನ್ ಇಟ್ಟುಕೊಂಡರೆ ಹೈವೇಯಲ್ಲಿ ಗಾಡಿ ಕಿರುಚುತ್ತದೆ, ಮುಂದೆ ಹೋಗುವುದಿಲ್ಲ. ಹೀಗೆ 4.88, 4.27 ಎಂದು ಬೇರೆ ಬೇರೆ ಲೆಕ್ಕದ ಆಕ್ಸಲ್‌ಗಳು ಹುಟ್ಟಿಕೊಂಡವು. ಹರಿಯಾಣದ ಮಂಡಿ ಡಬ್ವಾಲಿಯಂಥ ಊರುಗಳು ಹಳೆ ಜೀಪುಗಳನ್ನು ಬಿಚ್ಚಿ ಹೊಸದಾಗಿ ಕಟ್ಟುವುದರಲ್ಲೇ ಹೆಸರು ಮಾಡಿದವು. ಇಂಥ ಕಡೆ ಕಟ್ಟಿದ ಗಾಡಿಗಳು ಕೈಯಿಂದ ಕೈಗೆ ದಾಟಿ ದಕ್ಷಿಣಕ್ಕೂ ಬರುತ್ತವೆ. ಮುಂದಿನ ಆಕ್ಸಲ್ ಒಂದು ಗಾಡಿಯದ್ದು, ಹಿಂದಿನದು ಇನ್ನೊಂದರದ್ದು ಆಗಿದ್ದರೆ ಅಲ್ಲೇ ಅಪಾಯ. ಎರಡರ ಕ್ರೌನ್ ಪಿನಿಯನ್ ಲೆಕ್ಕ ಬೇರೆಯಾದರೆ ಫೋರ್‌ವ್ಹೀಲ್ ಹಾಕಿದ ಕೂಡಲೇ ಮುಂದಿನ ಚಕ್ರ ಒಂದು ವೇಗ ಕೇಳುತ್ತದೆ, ಹಿಂದಿನದು ಇನ್ನೊಂದು. ಕೆಸರಿನಲ್ಲಿ ಜಾರಿ ಸರಿಹೋಗಬಹುದು, ಗಟ್ಟಿ ನೆಲದಲ್ಲಿ ಏನಾದರೊಂದು ಮುರಿಯಲೇಬೇಕು. ಹಳೇ ಜೀಪು ಕೊಳ್ಳುವವರು ಎರಡೂ ಹೌಸಿಂಗ್ ಬಿಚ್ಚಿಸಿ ಹಲ್ಲು ಎಣಿಸದೆ ಒಂದು ರೂಪಾಯಿಯನ್ನೂ ಬೇರೆಯದಕ್ಕೆ ಖರ್ಚು ಮಾಡಬಾರದು.

ಹಾಗಾದರೆ ಎತ್ತರದ ಹುಚ್ಚು ಎಲ್ಲಿಂದ ಬಂತು? ಅದು ಕೆಲಸದ ಗಾಡಿ ಆಟದ ಗಾಡಿಯಾದ ಕಥೆ. ಕ್ಯಾಲಿಫೋರ್ನಿಯಾದ ರುಬಿಕಾನ್ ಎಂಬ ಬಂಡೆಗಳ ಹಾದಿಯಲ್ಲಿ 1953ರಲ್ಲಿ ಜೀಪಿನವರ ಜಾತ್ರೆ ಶುರುವಾಯಿತು. 1967ರಿಂದ ಯೂಟಾ ರಾಜ್ಯದ ಮೋಆಬ್‌ನಲ್ಲಿ ಈಸ್ಟರ್ ಹೊತ್ತಿಗೆ ಇನ್ನೊಂದು. ಬಂಡೆ ಹತ್ತಲು ದೊಡ್ಡ ಟಯರು ಬೇಕು, ದೊಡ್ಡ ಟಯರು ಮಡ್‌ಗಾರ್ಡಿಗೆ ತಾಗದಿರಲು ಗಾಡಿ ಮೇಲೇಳಬೇಕು. ಅಲ್ಲಿಯವರೆಗೆ ತರ್ಕ ಸರಿ. ಆಮೇಲೆ ಎತ್ತರವೇ ಶೋಕಿಯಾಯಿತು.

ಇಲ್ಲಿ ಒಂದು ಸರಳ ಸಂಗತಿ ನೆನಪಿಡಬೇಕು. ಸ್ಪ್ರಿಂಗ್ ಎತ್ತರಿಸಿದರೆ ಮೇಲೇಳುವುದು ಚಾಸಿ ಮತ್ತು ಬಾಡಿ. ಆಕ್ಸಲ್ ಇದ್ದಲ್ಲೇ ಇರುತ್ತದೆ. ಕಲ್ಲಿಗೆ ಮೊದಲು ಬಡಿಯುವ ಆ ಗುಂಡು ಹೌಸಿಂಗ್ ಕೂದಲೆಳೆಯಷ್ಟೂ ಏರುವುದಿಲ್ಲ. ಅದನ್ನು ಏರಿಸುವುದು ಟಯರು ಮಾತ್ರ, ಅದೂ ಅರ್ಧ ಲೆಕ್ಕದಲ್ಲಿ: 29 ಇಂಚಿನಿಂದ 33 ಇಂಚಿಗೆ ಹೋದರೆ ಸಿಗುವುದು ಎರಡು ಇಂಚು. ಆ ಎರಡು ಇಂಚಿಗೆ ಕೊಡುವ ಬೆಲೆ ಏನು? ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ರೈತರಿಗೆಂದು ಕೊಟ್ಟ 36.6 ಈಗ 32ರ ಹಾಗೆ ವರ್ತಿಸುತ್ತದೆ. ವಿಲ್ಲಿಸ್ ಕಂಪನಿ ಮೂರು ಕಡೆ ಗೇರು ಬದಲಿಸಿ ಗಳಿಸಿದ್ದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಟಯರ್ ಅಂಗಡಿಯಲ್ಲಿ ಕಳೆದುಹೋಯಿತು.

ಸ್ಪ್ರಿಂಗ್‌ನ ಕಡೆಯ ಖರ್ಚು ಬೇರೆ. ಜೀಪು, ಜಿಪ್ಸಿ ಎರಡರಲ್ಲೂ ಸ್ಪ್ರಿಂಗ್ ಆಕ್ಸಲ್‌ನ ಕೆಳಗೆ ಕೂತಿರುತ್ತದೆ. ಅದನ್ನು ಬಿಚ್ಚಿ ಆಕ್ಸಲ್‌ನ ಮೇಲೆ ಕೂರಿಸಿದರೆ ಕಡಿಮೆ ದುಡ್ಡಿನಲ್ಲಿ ನಾಲ್ಕೈದು ಇಂಚು ಸಿಗುತ್ತದೆ. ಆದರೆ ಪ್ರೊಪೆಲ್ಲರ್ ಶಾಫ್ಟು ಕಡಿದಾಗಿ ಇಳಿಯಬೇಕಾಗಿ ಕ್ರಾಸ್‌ಗಳು ಹಿಂಸೆಪಡುತ್ತವೆ, ಬ್ರೇಕ್ ಹೋಸ್ ಬಿಗಿಯಾಗುತ್ತದೆ, ಸ್ಟಿಯರಿಂಗ್ ರಾಡು ಓರೆಯಾಗುತ್ತದೆ, ಲೋ ಗೇರಿನಲ್ಲಿ ಒತ್ತಿದಾಗ ಪ್ಲೇಟುಗಳೇ ಹಾವಿನಂತೆ ತಿರುಚಿಕೊಳ್ಳುತ್ತವೆ. ಇನ್ನೂ ಅಗ್ಗದ ದಾರಿ ಉದ್ದನೆಯ ಶ್ಯಾಕಲ್. ಮುಂದಿನ ಶ್ಯಾಕಲ್ ಉದ್ದ ಮಾಡಿದರೆ ಆಕ್ಸಲ್ ತಿರುಗಿ ನಿಂತು ಗಾಡಿ ನೇರ ರಸ್ತೆಯಲ್ಲೂ ಅತ್ತಿತ್ತ ಅಲೆಯತೊಡಗುತ್ತದೆ. 2010ರ ಮೊದಲ ಥಾರ್‌ನಲ್ಲಿ ಮುಂದೆ ಪ್ಲೇಟಿನ ಬದಲು ಟಾರ್ಶನ್ ಬಾರ್ ಇತ್ತು. ಅದನ್ನು ಸ್ಪ್ಯಾನರಿನಲ್ಲಿ ಬಿಗಿ ಮಾಡಿದರೆ ಮೂತಿ ಮೇಲೇಳುತ್ತದೆ, ದುಡ್ಡೇ ಇಲ್ಲ! ಚಕ್ರ ಕೆಳಗಿಳಿಯಲು ಇದ್ದ ಜಾಗ ಮಾತ್ರ ಅಷ್ಟೇ ಕಡಿಮೆಯಾಗುತ್ತದೆ, ಒಳಗಿನ ಜಾಯಿಂಟು ಸದಾ ಓರೆಯಲ್ಲೇ ತಿರುಗುತ್ತದೆ.

ಎತ್ತರದ ಇನ್ನೊಂದು ಬೆಲೆ ಅಮೆರಿಕದ ಟಿವಿಯಲ್ಲೇ ಬಂತು. 1980ರ ಡಿಸೆಂಬರಿನಲ್ಲಿ ಸಿಬಿಎಸ್ ವಾಹಿನಿಯ ‘60 ಮಿನಿಟ್ಸ್’ ಸಿಜೆ-5 ಜೀಪು ತಿರುವಿನಲ್ಲಿ ಮಗುಚುವುದನ್ನು ತೋರಿಸಿತು. ಪರೀಕ್ಷೆಯ ವಿಧಾನವನ್ನು ಕಂಪನಿ ಒಪ್ಪಲಿಲ್ಲ. ಆದರೂ ಆ ಸಾಲಿನ ಮುಂದಿನ ಜೀಪು, 1987ರ ರ‍್ಯಾಂಗ್ಲರ್, ಹಳೆಯದಕ್ಕಿಂತ ಅಗಲವಾಗಿ, ನೆಲಕ್ಕೆ ತುಸು ಹತ್ತಿರವಾಗಿ ಬಂತು. ನಮ್ಮ ಜಿಪ್ಸಿಯ ಅಣ್ಣನಂತಿದ್ದ ಸುಜುಕಿ ಸಮುರಾಯ್‌ಗೆ 1988ರಲ್ಲಿ ಅಲ್ಲಿನ ಗ್ರಾಹಕ ಪತ್ರಿಕೆಯೊಂದು ‘ಸ್ವೀಕಾರಾರ್ಹವಲ್ಲ’ ಎಂದು ಬರೆಯಿತು. ಸುಜುಕಿ ಕೋರ್ಟಿಗೆ ಹೋಯಿತು, 2004ರಲ್ಲಿ ರಾಜಿಯಾಯಿತು. ಯಾರು ಸರಿ ಎಂಬ ವಾದ ಇನ್ನೂ ಮುಗಿದಿಲ್ಲ. ಕಾರ್ಖಾನೆಯಿಂದ ಬಂದ ಎತ್ತರದ ಬಗ್ಗೆಯೇ ಇಷ್ಟು ತಕರಾರಿದ್ದರೆ, ಶೆಡ್ಡಿನಲ್ಲಿ ಮತ್ತೆ ನಾಲ್ಕು ಇಂಚು ಸೇರಿಸಿ ಹಿಂದೆ ಹತ್ತು ಜನ ಕೂರಿಸುವುದನ್ನು ಏನೆನ್ನಬೇಕು?

ಸಸ್ಪೆನ್ಶನ್‌ಗೆ ದುಡ್ಡು ಹಾಕುವುದೇ ತಪ್ಪು ಎಂದು ಇದರ ಅರ್ಥವಲ್ಲ. 1970ರಲ್ಲಿ ಬ್ರಿಟನ್ನಿನ ರೇಂಜ್ ರೋವರ್ ಪ್ಲೇಟುಗಳನ್ನು ಬಿಟ್ಟು ಮೆತ್ತನೆಯ ಕಾಯಿಲ್ ಸ್ಪ್ರಿಂಗ್ ಹಾಕಿಕೊಂಡಾಗ ಅದರ ಉದ್ದೇಶ ಚಕ್ರ ಹೆಚ್ಚು ಮೇಲೆ ಕೆಳಗೆ ಆಡಲಿ, ನಾಲ್ಕೂ ನೆಲ ಬಿಡದಿರಲಿ ಎಂಬುದು. ನಮ್ಮಲ್ಲಿ ಆದದ್ದು ಉಲ್ಟಾ. ಹೊರೆ ಹೊರಲೆಂದು ಪ್ಲೇಟಿನ ಮೇಲೆ ಪ್ಲೇಟು ಸೇರಿಸಿ ಸ್ಪ್ರಿಂಗನ್ನು ಕಲ್ಲು ಮಾಡಿದೆವು. ಕೊರಕಲಿನಲ್ಲಿ ಒಂದು ಚಕ್ರ ಗಾಳಿಯಲ್ಲಿ ತೂಗುತ್ತದೆ, ಡಿಫರೆನ್ಶಿಯಲ್ ಇದ್ದ ಶಕ್ತಿಯನ್ನೆಲ್ಲ ಆ ಚಕ್ರಕ್ಕೇ ಸುರಿಯುತ್ತದೆ, ಗಾಡಿ ನಿಂತಲ್ಲೇ ಗರಗರ ತಿರುಗುತ್ತದೆ. ಅದಕ್ಕೆ ಮದ್ದು ಲಾಕ್ ಆಗುವ ಡಿಫರೆನ್ಶಿಯಲ್, ಇಲ್ಲವೇ ಮೆತ್ತಗೆ ಮಡಚುವ ಕಡಿಮೆ ಪ್ಲೇಟು. 2003ರ ಮಾದರಿಯಾಗಿ ಜೀಪ್ ಕಂಪನಿಯೇ ರುಬಿಕಾನ್ ಹೆಸರಿನ ರ‍್ಯಾಂಗ್ಲರ್ ತಂದಾಗ ಪಟ್ಟಿ ಹೀಗಿತ್ತು: 4:1 ಅನುಪಾತದ ಲೋ ಗೇರು, ಹಿಂದೆ ಮುಂದೆ ಎರಡೂ ಗಟ್ಟಿ ಆಕ್ಸಲ್, ಎರಡಕ್ಕೂ ಲಾಕರ್, ಸ್ವಲ್ಪ ದೊಡ್ಡ ಟಯರು. 1945ರ ಯೋಚನೆಯೇ ಬೇರೆ ಅಂಗಿ ತೊಟ್ಟು ಬಂದಿತ್ತು.

ಏರಿನ ಬಗ್ಗೆಯೇ ಮಾತಾಡುತ್ತೇವೆ, ಇಳಿಯುವುದನ್ನು ಮರೆಯುತ್ತೇವೆ. ಕೊಡಚಾದ್ರಿಯಂಥ ಹಾದಿಯಲ್ಲಿ ಮಳೆಗಾಲದಲ್ಲಿ ಇಳಿಯುವಾಗ ಜನ ತುಂಬಿದ ಜೀಪನ್ನು ಹಿಡಿದಿಡುವುದು ಬ್ರೇಕಿಗಿಂತ ಹೆಚ್ಚಾಗಿ ಲೋ ಫಸ್ಟು. ಹಳೆಯ ಜೀಪಿನ ಡ್ರಮ್ ಬ್ರೇಕು ಒಂದೇ ಸಮ ಒತ್ತಿದರೆ ಕಾದು ಹಿಡಿತ ಬಿಡುತ್ತದೆ, ನೀರು ಹೊಕ್ಕರೂ ಬಿಡುತ್ತದೆ. ಗೇರಿಗೆ ಅಂಥ ರೋಗವಿಲ್ಲ. ದೊಡ್ಡ ಟಯರು ಹಾಕಿದ ಗಾಡಿಯಲ್ಲಿ ಈ ಹಿಡಿತವೂ ಕಡಿಮೆ, ಬ್ರೇಕಿನ ಮೇಲಿನ ಭಾರವೂ ಹೆಚ್ಚು, ಗಾಡಿಯ ತಲೆಭಾರ ಮೇಲೆ. ಮೂರೂ ಒಂದೇ ತಿರುವಿನಲ್ಲಿ ಸೇರುತ್ತವೆ.

ಹಾಗಾಗಿ ದುಡ್ಡು ಹಾಕುವ ಕ್ರಮ ಕೇಳಿದರೆ ನಾನು ಹೇಳುವುದು: ಮೊದಲು ಟ್ರಾನ್ಸ್‌ಫರ್ ಕೇಸು ಬಿಚ್ಚಿಸಿ ಲೋ ಗೇರು ಜಾರಿ ಬೀಳದಂತೆ ಮಾಡಿಸಿ, ಜೊತೆಗೇ ಕ್ರಾಸ್, ಬೇರಿಂಗ್, ಬ್ರೇಕು. ಆಮೇಲೆ ಎರಡೂ ಆಕ್ಸಲ್‌ನ ಲೆಕ್ಕ ಸರಿಮಾಡಿ. ಬಳಿಕ ಸತ್ತುಹೋದ ಪ್ಲೇಟು, ಬುಷ್, ಶಾಕ್ ಅಬ್ಸಾರ್ಬರ್ ಬದಲಿಸಿ, ಗಾಡಿ ತನ್ನ ಹುಟ್ಟಿನ ಎತ್ತರಕ್ಕೆ ಬರಲಿ. ಎಷ್ಟೋ ಜನ ‘ಲಿಫ್ಟ್’ ಎಂದುಕೊಳ್ಳುವುದು ಕುಸಿದ ಸ್ಪ್ರಿಂಗ್ ಹೊಸದಾದಾಗ ಸಿಗುವ ಆ ಎತ್ತರವನ್ನೇ. ಇಷ್ಟರಲ್ಲಿ ಹೆಚ್ಚಿನದು ರಿಪೇರಿ, ಕಾನೂನಿನ ತಂಟೆಯಿಲ್ಲ. ಅದರಾಚೆಗೆ ಹೋಗುವವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಬೇಕು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅಪಘಾತವಾದ ಮೇಲೆ ಇನ್ಶೂರೆನ್ಸ್‌ನವರು ಮೊದಲು ನೋಡುವುದೂ ಅದನ್ನೇ.

2020ರಲ್ಲಿ ಬಂದ ಹೊಸ ಥಾರ್‌ಗೆ ಕಾರ್ಖಾನೆಯಿಂದಲೇ 226 ಮಿಲಿಮೀಟರ್ ಎತ್ತರ, ಹಿಂದೆ ಕಾಯಿಲ್ ಸ್ಪ್ರಿಂಗ್, ಎಲ್ಲ ಮಾದರಿಗೂ ಫೋರ್‌ವ್ಹೀಲ್ ಮತ್ತು ಲೋ ಇದ್ದವು. 2023ರ ಜನವರಿಯಲ್ಲಿ ಅದೇ ಮುಖದ, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ, ಕಡಿಮೆ ಬೆಲೆಯ ಥಾರ್ ಕೂಡ ಬಂತು. ಅದರಲ್ಲಿ ಟ್ರಾನ್ಸ್‌ಫರ್ ಕೇಸೇ ಇಲ್ಲ. ರಸ್ತೆ ಬದಿಯಲ್ಲಿ ನಿಂತಿರುವಾಗ ಎರಡಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಸೆಕೆಂಡ್ ಹ್ಯಾಂಡ್ ಥಾರ್ ನೋಡಲು ಹೋದಾಗ ಬಾಗಿಲು ತೆಗೆದು, ಗೇರಿನ ಕೋಲಿನ ಪಕ್ಕ ಇನ್ನೊಂದು ಕೋಲು ಇದೆಯೇ ಎಂದು ನೋಡಿ.